ಗಾಳಿಗೆ ದಾರಿ ಬಿಡುವವರು

ಜುಲೈ ಕೊನೆಯ ವಾರದ ಬೆಳಗು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಓಷ್‌ಕೋಷ್ ವಿಮಾನ ನಿಲ್ದಾಣದ ಹುಲ್ಲಿನ ಮೇಲೆ, ಜನ ತಾವೇ ಗ್ಯಾರೇಜುಗಳಲ್ಲಿ ಕಟ್ಟಿಕೊಂಡ ಪುಟ್ಟ ವಿಮಾನಗಳು ಸಾಲುಗಟ್ಟಿ ನಿಂತಿವೆ. ರೆಕ್ಕೆಗಳ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಗುಡಾರಗಳಿಂದ ಬರುವ ಕಾಫಿಯ ಘಮದಲ್ಲಿ ಪೆಟ್ರೋಲಿನ ವಾಸನೆ ಬೆರೆತಿದೆ. ಒಂದು ವಿಮಾನದ ಮೂತಿಯ ಕವಚ ಬಿಚ್ಚಿ ಪಕ್ಕದಲ್ಲಿ ಮಲಗಿಸಿದ್ದಾರೆ. ಮೊಣಕಾಲೂರಿ ಕುಳಿತ ಯಜಮಾನರು ಫೈಬರ್‌ಗ್ಲಾಸ್ ಕೊಳವೆಯೊಂದರ ಅಂಚನ್ನು ಉಪ್ಪುಕಾಗದದಿಂದ ಸರಸರನೆ ಉಜ್ಜುತ್ತಾರೆ, ಬೆರಳಾಡಿಸಿ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ.

ಹತ್ತಿರ ಬನ್ನಿ. ಒಳಗಿರುವುದು ಮಜ್ದಾ ಕಾರಿನ 13ಬಿ ರೋಟರಿ ಎಂಜಿನ್. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಬದಿ ಉಬ್ಬಿದ ಎರಡು ತ್ರಿಕೋನ ರೋಟರುಗಳು ಗೂಡಿನ ಗೋಡೆ ಸವರುತ್ತ ಸುತ್ತುತ್ತವೆ, ಅಷ್ಟೇ. ಅಳತೆ ಬರೀ 1308 ಸಿಸಿ, ಹಸಿವು ಮಾತ್ರ ದೊಡ್ಡದು: ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 130 ಲೀಟರ್ ಗಾಳಿ ಬೇಕು.

ಆ ಗಾಳಿ ಒಯ್ಯುತ್ತಿದ್ದ ಹಳೆಯ ಕೊಳವೆ ಹುಲ್ಲಿನಲ್ಲಿ ಬಿದ್ದಿದೆ. ಗಿಡ್ಡ, ನಡುವೆ ಒಂದು ಕಡಿದಾದ ಮಡಿಕೆ. ಅದು ಗಾಳಿ ಎಳೆಯುತ್ತಿದ್ದದ್ದು ಕವಚದ ಒಳಗಿನಿಂದಲೇ, ಕಾದ ಸೈಲೆನ್ಸರ್ ಪೈಪಿನ ಮಗ್ಗುಲಿಂದ. ರೋಟರಿಯ ಹೊಗೆಯೋ ಬಲು ಬಿಸಿ. ಗಾಳಿ 3 ಡಿಗ್ರಿ ಕಾದರೆ ಅದರ ಸಾಂದ್ರತೆ ನೂರಕ್ಕೆ ಒಂದರಷ್ಟು ಇಳಿಯುತ್ತದೆ. 30 ಡಿಗ್ರಿ ಕಾದರೆ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಗಾಳಿ ಕೈಬಿಟ್ಟಂತೆ.

ಯಜಮಾನರು ಉಜ್ಜುತ್ತಿರುವ ಹೊಸ ಕೊಳವೆಯ ಬಾಯಿ ಪ್ರೊಪೆಲ್ಲರಿನ ಹಿಂದೆ, ಕವಚದಿಂದ ಹೊರಗೆ, ಎದುರುಗಾಳಿಗೆ ಮುಖ ಮಾಡಿದೆ. ಅಂಚು ದುಂಡಗಿದೆ, ಒಳಗೆ ಹೋಗುತ್ತ ಕೊಳವೆ ನಿಧಾನವಾಗಿ ಅಗಲವಾಗುತ್ತದೆ. ಎದುರುಬದುರು ಗೋಡೆಗಳ ನಡುವಿನ ಕೋನ 7 ಡಿಗ್ರಿಯ ಆಸುಪಾಸು. ಆತುರಪಟ್ಟು ಅಗಲಿಸಿದರೆ ಗಾಳಿ ಗೋಡೆ ಬಿಟ್ಟು ಸುಳಿ ಸುತ್ತುತ್ತದೆ, ತಂದ ಒತ್ತಡವೆಲ್ಲ ಅಲ್ಲೇ ಪೋಲು. ಹಾಗಾಗದಂತೆ ನೋಡಿಕೊಂಡರೆ, ಸಮುದ್ರಮಟ್ಟದಲ್ಲಿ ಗಂಟೆಗೆ 300 ಕಿ.ಮೀ. ವೇಗದಲ್ಲಿ ಹಾರುವಾಗ ನೂರಕ್ಕೆ ನಾಲ್ಕರಷ್ಟು ಹೆಚ್ಚು ಒತ್ತಡ ಪುಕ್ಕಟೆ ಸಿಕ್ಕೀತು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂರಿಸಿ ಹೊಸ ಭಾರ, ಹೊಸ ಬಿಸಿ ತಂದುಕೊಳ್ಳುವ ಮೊದಲು ಇದನ್ನು ಪೂರ್ತಿ ಪಡೆಯಬೇಕು ಎಂಬುದೇ ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ರೋಟರುಗಳಿಗೆ ಹೋಗುವ ಕವಲುಗಳು. ಗಾಳಿಯ ಕಿಂಡಿ ಮುಚ್ಚಿದಾಗೆಲ್ಲ ಒತ್ತಡದ ಅಲೆಯೊಂದು ಹಿಮ್ಮೆಟ್ಟುತ್ತದೆ. ಕವಲಿನ ಉದ್ದ ಸರಿಹೊಂದಿದರೆ ಆ ಅಲೆ ಇನ್ನೊಂದು ರೋಟರಿನ ಕಿಂಡಿಗೆ ಹೊತ್ತಿಗೆ ಸರಿಯಾಗಿ ಬಂದು ಇನ್ನಷ್ಟು ಗಾಳಿ ತುಂಬುತ್ತದೆ. 1991ರಲ್ಲಿ ಲೆ ಮಾನ್ಸ್ ಕಾರು ರೇಸ್ ಗೆದ್ದ ಮಜ್ದಾ 787ಬಿ ಕಾರಿನಲ್ಲಿ ಈ ಕೊಳವೆಗಳ ಉದ್ದ ಓಟದ ನಡುವೆಯೇ ಬದಲಾಗುತ್ತಿತ್ತು. ವಿಮಾನಕ್ಕೆ ಅಷ್ಟೆಲ್ಲ ಬೇಡ. ಮೇಲೇರಿದ ಮೇಲೆ ಎಂಜಿನ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ತಿರುಗುತ್ತದೆ; ಆ ವೇಗಕ್ಕೆ ಒಪ್ಪುವ ಒಂದು ಉದ್ದ ಸಾಕು.

ಯಜಮಾನರು ಈಗ ಕೊಳವೆಯ ಗಾಳಿ ಫಿಲ್ಟರಿನ ಪಕ್ಕದ ಪುಟ್ಟ ಬಾಗಿಲನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಹಿಮವೋ ಕಸವೋ ಫಿಲ್ಟರ್ ಮುಚ್ಚಿದರೆ, ಎಂಜಿನ್ನಿನ ಎಳೆತಕ್ಕೇ ಇದು ತೆರೆದುಕೊಂಡು ಕವಚದೊಳಗಿನ ಗಾಳಿ ಕೊಡಬೇಕು. ಬಾಗಿಲು ಸರಾಗವಾಗಿ ಆಡುತ್ತಿದೆ. ಫಿಲ್ಟರ್ ದಾಟಿದ ಮೇಲೆ ಬಿದ್ದ ಬೋಲ್ಟು ನೇರ ರೋಟರಿನ ಬಾಯಿಗೇ. ಹಾಗಾಗಿ ಅಲ್ಲಿರುವ ಒಂದೊಂದು ಬೋಲ್ಟಿನ ತಲೆಗೂ ತಂತಿ ಪೋಣಿಸಿ, ಇಕ್ಕಳದಿಂದ ಬಿಗಿಯಾಗಿ ಹುರಿಮಾಡುತ್ತ ಕೂತಿದ್ದಾರೆ.