ಹಿಸ್ಟೊಪ್ಲಾಸ್ಮ ಕ್ಯಾಪ್ಸುಲೇಟಂ: ನಾಮವೂ ವಸ್ತುವೂ

ಪನಾಮಾದಲ್ಲಿ 1905ರಲ್ಲಿ ಡಾರ್ಲಿಂಗ್ ಎಂಬ ಅಮೆರಿಕದ ವೈದ್ಯನು, ಮೃತನಾದ ರೋಗಿಯೊಬ್ಬನ ಭಕ್ಷಕಕೋಶಗಳೊಳಗೆ ಸೂಕ್ಷ್ಮಜೀವಿಗಳನ್ನು ಕಂಡು, ಅವು ಕವಚವುಳ್ಳ, ಮಲೇರಿಯಾಣುವಿನಂತಹ ಆದಿಜೀವಿಗಳೆಂದು ಬಗೆದು ಈ ಹೆಸರನ್ನಿಟ್ಟನು. 1934ರಲ್ಲಿ ಡಿಮೊನ್‌ಬ್ರೂನ್ ಎಂಬವನು ಅದನ್ನು ಕೃಷಿಮಾಡಿ ಶಿಲೀಂಧ್ರವೆಂದು ಸಿದ್ಧಪಡಿಸಿದನು, ಕವಚವೂ ಅದಕ್ಕಿಲ್ಲ. ಹೀಗೆ ‘ಪ್ಲಾಸ್ಮ’, ‘ಕ್ಯಾಪ್ಸುಲೇಟಂ’ ಎಂಬೆರಡೂ ಕೇವಲ ರೂಢಿ. ಭಕ್ಷಕಕೋಶವನ್ನು ಸೂಚಿಸುವ ‘ಹಿಸ್ಟೊ’ ಎಂಬುದೊಂದೇ ಅನ್ವರ್ಥ.

ಭಕ್ಷಕಕೋಶವು ತಾನು ನುಂಗಿದ ರೋಗಾಣುವನ್ನು ಆಮ್ಲದಿಂದಲೂ ತೀಕ್ಷ್ಣವಾದ ಆಮ್ಲಜನಕ ಸಂಯುಕ್ತಗಳಿಂದಲೂ ಕೊಲ್ಲತಕ್ಕುದು. ಈ ಶಿಲೀಂಧ್ರವಾದರೋ ಭಿತ್ತಿಯಲ್ಲಿನ ತನ್ನ ಗುರುತನ್ನು ಶರ್ಕರಮಯವಾದ ಹೊರಪದರದಿಂದ ಮರೆಸಿಕೊಂಡು ಒಳಸೇರುವುದು. ಆ ಸಂಯುಕ್ತಗಳನ್ನು ಕಿಣ್ವಬಲದಿಂದ ನಿರ್ವೀರ್ಯಗೊಳಿಸುವುದು. ತನ್ನನ್ನಾವರಿಸಿದ ಕೋಷ್ಠದಲ್ಲಿ ಆಮ್ಲತೆಯೇರದಂತೆ ತಡೆದು ಅಲ್ಲಿಯೇ ವೃದ್ಧಿಹೊಂದುವುದು. ಕಡೆಗೆ ಆಶ್ರಯಕೋಶವನ್ನೇ ಒಡೆದು ಹೊರಬರುವುದು. ಜಾತಿನಿರ್ಣಯದಲ್ಲಿ ತಪ್ಪಿದ ಡಾರ್ಲಿಂಗನು ವಾಸಸ್ಥಾನವನ್ನು ಗುರುತಿಸುವುದರಲ್ಲಿ ತಪ್ಪಲಿಲ್ಲ.