ಹೊಣೆ ಯಾರದು?

ದೇಶಕ್ಕೆ ಘೋರ ದುರಂತವೊಂದು ಒದಗಿದಾಗ ಎಲ್ಲರ ಬಾಯಿಂದ ಮೊದಲು ಹೊರಡುವುದು ‘ಅಯ್ಯೋ’ ಎಂಬ ಉದ್ಗಾರ. ಅದರ ಬೆನ್ನಿಗೇ ಬರುವುದು ‘ಹೊಣೆ ಯಾರದು?’ ಎಂಬ ಪ್ರಶ್ನೆ. ಮೊದಲನೆಯದು ಮನುಷ್ಯನಾದವನ ಸಹಜಧರ್ಮ. ಎರಡನೆಯದು ನಾಗರಿಕನಾದವನ ಹಕ್ಕು. ಆದರೆ ಈ ಹಕ್ಕನ್ನು ಚಲಾಯಿಸುವ ಬಗೆ ನಮಗೆ ತಿಳಿದಿದೆಯೆ ಎಂಬುದು ವಿಚಾರಾರ್ಹ ಸಂಗತಿ.

ಈ ಮಾತು ಬಂದಾಗಲೆಲ್ಲ ನೆನಪಾಗುವವರು ಲಾಲ್ ಬಹಾದುರ್ ಶಾಸ್ತ್ರಿಯವರು. ಅವರು ರೈಲ್ವೆ ಸಚಿವರಾಗಿದ್ದ 1956ರ ಸೆಪ್ಟೆಂಬರ್ ತಿಂಗಳಿನಲ್ಲಿ, ಈಗಿನ ತೆಲಂಗಾಣದ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಪ್ರಯಾಣಿಕರು ಮಡಿದರು. ಶಾಸ್ತ್ರಿಯವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಒಪ್ಪಲಿಲ್ಲ. ಮೂರು ತಿಂಗಳು ತುಂಬುವುದರೊಳಗೆ, ನವೆಂಬರ್ 23ರಂದು, ಈಗಿನ ತಮಿಳುನಾಡಿನ ಅರಿಯಲೂರಿನ ಸಮೀಪ ಮರುದೈಯಾರು ನದಿಯ ನೆರೆ ಸೇತುವೆಯನ್ನು ಶಿಥಿಲಗೊಳಿಸಿತ್ತು. ತೂತ್ತುಕುಡಿಗೆ ಹೊರಟಿದ್ದ ಎಕ್ಸ್‌ಪ್ರೆಸ್ ಗಾಡಿಯ ಡಬ್ಬಿಗಳು ನೀರಿಗುರುಳಿ 140ಕ್ಕೂ ಹೆಚ್ಚು ಜನ ಅಸುನೀಗಿದರು. ಈ ಬಾರಿ ಶಾಸ್ತ್ರಿಯವರು ಪಟ್ಟು ಸಡಿಲಿಸಲಿಲ್ಲ. ಅವರು ತಪ್ಪಿತಸ್ಥರೆಂದಲ್ಲ, ಸಂವಿಧಾನದ ಔಚಿತ್ಯಕ್ಕೊಂದು ಮೇಲ್ಪಂಕ್ತಿಯಾಗಲೆಂದು ರಾಜೀನಾಮೆಯನ್ನು ಅಂಗೀಕರಿಸುತ್ತಿರುವುದಾಗಿ ನೆಹರೂ ಸಂಸತ್ತಿನಲ್ಲಿ ತಿಳಿಸಿದರು.

ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ಕಥೆಯ ಉಳಿದರ್ಧವೂ ಅಷ್ಟೇ ಮುಖ್ಯವಾದುದು: ಬಿದ್ದುದು ಒಂದಲ್ಲ, ಎರಡು ಸೇತುವೆ. ಪದತ್ಯಾಗದಿಂದ ಸಚಿವಪದವಿಗೆ ಘನತೆ ಬಂದಿತು. ಆದರೆ ಸೇತುವೆಯನ್ನು ನಿಲ್ಲಿಸುವುದು ಗಟ್ಟಿಯಾದ ಬುನಾದಿ, ಮಳೆಗಾಲದ ಕಾವಲು ಮತ್ತು ಮೊದಲ ಸೂಚನೆಗೇ ಎಚ್ಚೆತ್ತುಕೊಳ್ಳುವ ಆಡಳಿತ.

ಈ ಮಾತಿನ ಸತ್ಯ 67 ವರ್ಷಗಳ ತರುವಾಯ ಮತ್ತೆ ಕಂಡುಬಂದಿತು. 2023ರ ಜೂನ್ 2ರ ಸಂಜೆ ಒಡಿಶಾದ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಹಳಿಗೆ ತಿರುಗಿ, ನಿಂತಿದ್ದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯ ಹಿಂಭಾಗದ ಡಬ್ಬಿಗಳೂ ಈ ಅನಾಹುತಕ್ಕೆ ಸಿಲುಕಿದವು. 290ಕ್ಕೂ ಹೆಚ್ಚು ಜೀವಗಳು ಹೋದವು. ಸಚಿವರು ರಾಜೀನಾಮೆ ನೀಡಬೇಕೆಂಬ ಕೂಗೆದ್ದಿತು, ಅವರು ನೀಡಲಿಲ್ಲ. ಮರು ತಿಂಗಳು ಮೂವರು ರೈಲ್ವೆ ನೌಕರರ ಬಂಧನವಾಯಿತು. ಅವರ ತಪ್ಪನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಇನ್ನೊಂದು ಮಾತನ್ನು ಹೇಳಿತು. ಅದೇ ಖರಗ್‌ಪುರ ವಿಭಾಗದ ಬೇರೊಂದು ನಿಲ್ದಾಣದಲ್ಲಿ 2022ರ ಮೇ ತಿಂಗಳಲ್ಲಿಯೇ ತಂತಿಗಳ ತಪ್ಪು ಜೋಡಣೆಯಿಂದ ಇಂತಹುದೇ ಘಟನೆ ನಡೆದಿತ್ತು. ಆಗಲೇ ತಿದ್ದಿಕೊಂಡಿದ್ದರೆ ಈ ಅಪಘಾತ ಸಂಭವಿಸುತ್ತಿರಲಿಲ್ಲ ಎಂದು!

ಅಂದು ಎರಡು ಸೇತುವೆ. ಇಂದು ಎರಡು ನಿಲ್ದಾಣ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚುವುದು ಹಳೆಯ ಗಾದೆ. ಮೊದಲ ಕೊಳ್ಳೆಯ ಬಳಿಕವೂ ಬಾಗಿಲು ಮುಚ್ಚದಿದ್ದವರನ್ನು ಏನೆನ್ನಬೇಕು? ಕೊನೆಯಲ್ಲಿ ತಂತಿ ಜೋಡಿಸಿದ ಕೈ ಸುಲಭವಾಗಿ ಸಿಕ್ಕುತ್ತದೆ. ಮೊದಲ ಎಚ್ಚರಿಕೆಯ ಕಾಗದವನ್ನು ಓದಿ ಬದಿಗಿಟ್ಟ ಮೇಜು ಸುಲಭವಾಗಿ ಸಿಕ್ಕುವುದಿಲ್ಲ. ನಾಯಕತ್ವದ ಪರೀಕ್ಷೆ ಇರುವುದು ಆ ಮೇಜಿನ ಬಳಿ. ದುರಂತದ ಸ್ಥಳಕ್ಕೆ ಧಾವಿಸುವ ನಾಯಕನಿಗಿಂತ, ಸಣ್ಣ ಅವಘಡದ ವರದಿಯನ್ನು ತರಿಸಿ ಓದಿ, ಮಾಡಬೇಕಾದುದನ್ನು ಮಾಡಿಸುವವನು ದೊಡ್ಡವನು. ಅವನಿಗೆ ಹಾರ ಬೀಳದಿರಬಹುದು, ಅಷ್ಟೆ.

ತನ್ನ ತಪ್ಪನ್ನು ತಾನೇ ವಿಚಾರಿಸಬಾರದೆಂಬ ವಿವೇಕದಿಂದ ರೈಲ್ವೆಯ ಸುರಕ್ಷತಾ ತಪಾಸಣೆಯನ್ನು 1941ರಲ್ಲಿಯೇ ರೈಲ್ವೆ ಮಂಡಳಿಯಿಂದ ಬೇರ್ಪಡಿಸಲಾಯಿತು. ಈಗ ಅದು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದೆ. ಅಂದರೆ ಸತ್ಯವನ್ನು ಹೇಳುವ ವ್ಯವಸ್ಥೆ ನಮ್ಮಲ್ಲಿದೆ. ಕೊರತೆಯಿರುವುದು ಅದನ್ನು ಕೇಳುವ ಕಿವಿಗಳದು.

ಆ ಕಿವಿಗಳಲ್ಲಿ ಪ್ರಜೆಗಳವೂ ಸೇರಿವೆ. ರಾಜೀನಾಮೆಯನ್ನು ಕೇಳುವುದು ನ್ಯಾಯವೇ. ಆದರೆ ಅಲ್ಲಿಗೇ ಸುಮ್ಮನಾಗದೆ, ವರದಿ ಏನು ಹೇಳಿತು, ಅದರಂತೆ ಏನು ನಡೆಯಿತು, ಉಳಿದುದು ಎಂದಿಗೆ ಎಂದು ವರ್ಷ ಕಳೆದ ಮೇಲೂ ತಮ್ಮ ಪ್ರತಿನಿಧಿಯನ್ನು ಕೇಳುವವರು ಎಷ್ಟು ಮಂದಿ? ನಾಳೆ ಅದೇ ಹಳಿಯ ಮೇಲೆ ಹೋಗಬೇಕಾದವರು ನಮ್ಮ ಮನೆಯವರೇ.