ಎಸ್ಪ್ರೆಸೊ ಬಟ್ಟಲಿನಲ್ಲಿ ಸಿಕ್ಕಿಬಿದ್ದ ನಮ್ಮ ಕಾಫಿ

ದಾವಣಗೆರೆಯೆಂದರೆ ಬೆಣ್ಣೆದೋಸೆ, ಮಂಡಕ್ಕಿ, ಮೆಣಸಿನಕಾಯಿ. ಮದುವೆಯ ಜವಳಿಗೆ, ಮಕ್ಕಳ ಕಾಲೇಜಿಗೆ, ಆಸ್ಪತ್ರೆಗೆ ಎಂದು ನಮ್ಮ ಸದಸ್ಯರಲ್ಲಿ ಹಲವರು ಮಲೆನಾಡಿನಿಂದ ಇಳಿದು ಅಲ್ಲಿಗೆ ಹೋಗಿಬರುವುದುಂಟು. ಆದರೆ ಕಾಫಿಯ ವಿಚಾರ ಕಲಿಯಲು ದಾವಣಗೆರೆಗೆ ಹೋಗಬೇಕಾದೀತೆಂದು ನಾವು ಎಣಿಸಿರಲಿಲ್ಲ. ಕಾಫಿ ಬೆಳೆಯುವವರು ನಾವು, ಬಯಲುಸೀಮೆಯವರು ನಮಗೇನು ಹೇಳಿಯಾರು ಎಂಬ ಬಿಂಕ ಇದ್ದೇ ಇತ್ತು. ಈಚೆಗೆ ಒಂದು ಮದುವೆಗೆ ಹೋದಾಗ ಆ ಬಿಂಕ ಇಳಿಯಿತು.

ಕಲ್ಯಾಣಮಂಟಪದ ಬಾಗಿಲಲ್ಲಿ ಎಂದಿನಂತೆ 'ಎಕ್ಸ್‌ಪ್ರೆಸೊ ಕಾಫಿ' ಯಂತ್ರ ಬುಸುಗುಟ್ಟುತ್ತಿತ್ತು. ಹಾಲಿಗೆ ಹಬೆ ಹಾಯಿಸಿ, ಕರಗುವ ಕಾಫಿ ಪುಡಿ ಬೆರೆಸಿ, ನೊರೆಯ ಮೇಲೆ ಚಿಟಿಕೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಿದ್ದರು. ನಾವು ಎರಡನೆಯ ಲೋಟಕ್ಕೆ ಕೈ ಚಾಚಿದಾಗ ಪಕ್ಕದಲ್ಲಿದ್ದ ಹಳೆಯ ಸ್ನೇಹಿತರು ನಕ್ಕರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ದಾವಣಗೆರೆಯಲ್ಲೇ ನೆಲೆಸಿದವರು. "ಇದು ಎಸ್ಪ್ರೆಸೊ ಅಲ್ರೀ ಅಣ್ಣಾರೆ, ನೊರೆಹಾಲು. ನಾಳೆ ಮುಂಜಾನೆ ನಮ್ಮನಿಗೆ ಬರ್ರಿ. ನಿಮ್ಮ ತೋಟದ ಕಾಫೀನ ನಿಮಗ ಕುಡಿಸ್ತೀನಿ" ಎಂದರು. ಹಿಂದಿನ ತಿಂಗಳಷ್ಟೇ ಅವರು ನಮ್ಮಿಂದ ಎರಡು ಪೊಟ್ಟಣ ರೊಬಸ್ಟಾ ಹಸಿಬೀಜ ತರಿಸಿಕೊಂಡಿದ್ದರು. ಒಂದು ನಮ್ಮ ಮನೆಯದು, ಇನ್ನೊಂದು ನೆರೆಯ ಸದಸ್ಯರೊಬ್ಬರದು.

ಯಂತ್ರದ ಒಳಗುಟ್ಟು

ಮರುದಿನ ಅವರ ಅಡಿಗೆಮನೆಯಲ್ಲಿ ನಾವು ಕಂಡದ್ದು ಮಿಕ್ಸಿಗಿಂತ ತುಸು ದೊಡ್ಡದಾದ ಒಂದು ಯಂತ್ರ, ಅದರ ಪಕ್ಕದಲ್ಲಿ ಬೀಜ ಬೀಸುವ ಗಿರಣಿ, ಒಂದು ಪುಟ್ಟ ತಕ್ಕಡಿ. ಇಷ್ಟೇ ಸಂಸಾರ.

ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬಾತ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1884ರಲ್ಲಿ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಬಟ್ಟಲು ಬಟ್ಟಲಿಗೆ ಬೇರೆಯಾಗಿ ಇಳಿಸುವಂತೆ ಮಾಡಿದ. ಆದರೆ ಹಬೆಯಿಂದ ಬರುವ ಒತ್ತಡ ಅಲ್ಪ; ನೀರೋ ಕುದಿಯುವಷ್ಟು ಬಿಸಿ. ಹೀಗಾಗಿ ಕಾಫಿ ಸೀದ ಕಹಿಯಾಗುತ್ತಿತ್ತು. ಒತ್ತಡದ ಕೆಲಸವನ್ನು ಹಬೆಯಿಂದ ಬಿಡಿಸಿ ಸನ್ನೆಕೋಲಿನ ಕೊಂತಕ್ಕೆ ವಹಿಸಿದವನು ಅಕಿಲೆ ಗಾಜಿಯಾ. ಆ ಬಗೆಯ ಯಂತ್ರ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಕಾಫಿಯ ಮೇಲೆ ಹೊನ್ನಿನ ಬಣ್ಣದ ದಪ್ಪ ಕೆನೆ ಕಟ್ಟಲು ತೊಡಗಿದ್ದು ಅಂದಿನಿಂದ. 1961ರಲ್ಲಿ ವಿದ್ಯುತ್ ಪಂಪಿನ ಯಂತ್ರ ಬಂದಿತು. ಇಂದು ಮನೆಗಳಲ್ಲಿರುವುದು ಬಹುಮಟ್ಟಿಗೆ ಅದರ ಸಂತತಿಯೇ.

ಲೆಕ್ಕ ಸರಳ. ಹದವಾಗಿ ಬೀಸಿದ 16 ಗ್ರಾಂ ಪುಡಿಯನ್ನು ಜಾಲರಿಯ ಬಟ್ಟಲಿಗೆ ತುಂಬಿ ಗಟ್ಟಿಯಾಗಿ ಒತ್ತಬೇಕು. 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರನ್ನು ಸುಮಾರು 9 ವಾಯುಭಾರದ ಒತ್ತಡದಲ್ಲಿ ಅದರ ಮೂಲಕ ಹಾಯಿಸಿದರೆ, 25ರಿಂದ 30 ಸೆಕೆಂಡಿನಲ್ಲಿ 32 ಗ್ರಾಂ ಕಾಫಿ ಇಳಿಯುತ್ತದೆ. ಒಂಬತ್ತು ವಾಯುಭಾರವೆಂದರೆ ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡಕ್ಕೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಅಡಿಕೆ ಮರದ ತುದಿಗೇರಿಸುವ ನಮಗೆ ಒತ್ತಡವೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಹದಿನೈದೇ ಸೆಕೆಂಡಿನಲ್ಲಿ ಇಳಿದುಬಿಟ್ಟರೆ ಪುಡಿ ತರಿಯಾಯಿತು, ಕಾಫಿ ಹುಳಿಯಾಗಿ ತೆಳ್ಳಗಿರುತ್ತದೆ. ಐವತ್ತು ಸೆಕೆಂಡ್ ಹಿಡಿದರೆ ನುಣ್ಣಗಾಯಿತು, ಕಹಿ ಮುಂದಾಗುತ್ತದೆ. ಆದುದರಿಂದ ಈ ಹವ್ಯಾಸದವರು ಯಂತ್ರಕ್ಕಿಂತ ಮೊದಲು ಗಿರಣಿಯ ಮಾತೆತ್ತುತ್ತಾರೆ.

ಹರಿಹರದ ಕೈಗುಣ

ಸ್ನೇಹಿತರ ಯಂತ್ರದ ಜಾಲರಿ ಬಟ್ಟಲು 51 ಮಿಲಿಮೀಟರಿನದು. ಅದರೊಡನೆ ಬಂದ ಪ್ಲಾಸ್ಟಿಕ್ ಒತ್ತುಗುಂಡು ಅಳತೆಗೆ ಸಡಿಲ. ಅಂಚಿನಲ್ಲಿ ಪುಡಿ ಒತ್ತದೆ ಉಳಿದು ನೀರು ಪಕ್ಕದಿಂದಲೇ ನುಗ್ಗುತ್ತಿತ್ತಂತೆ. ಅವರು ಹೋದದ್ದು ಹದಿನಾಲ್ಕೇ ಕಿಲೋಮೀಟರ್ ದೂರದ ಹರಿಹರಕ್ಕೆ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸಿದ್ದು ಹಿರಿಯರಿಗೆ ನೆನಪಿದೆ. ಕಾರ್ಖಾನೆ ಮುಚ್ಚಿಹೋಯಿತು, ಆದರೆ ಅಲ್ಲಿ ಪಳಗಿದ ಕೈಗಳು ಊರಿನಲ್ಲಿ ಉಳಿದವು. ಅಂಥ ಹಿರಿಯ ಟರ್ನರ್ ಒಬ್ಬರು ಜಾಲರಿ ಬಟ್ಟಲನ್ನು ಅಳೆದು, ತುಕ್ಕುಹಿಡಿಯದ ಉಕ್ಕಿನ ತುಂಡಿನಲ್ಲಿ ಕೂದಲೆಳೆಯ ಅಂತರಕ್ಕೆ ಗುಂಡನ್ನು ಕಡೆದುಕೊಟ್ಟರು. ಯಾತಕ್ಕೆಂದು ತಿಳಿದಾಗ ಅವರು ಕೇಳಿದ ಪ್ರಶ್ನೆ ಇಷ್ಟೆ: "ಒಂದ್ ಲೋಟ ಕಾಫಿಗೆ ಇಷ್ಟೆಲ್ಲ ಯಾಕ್ರೀ?"

ನೀರಿನ ವಿಚಾರವೂ ಉಂಟು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಯಂತ್ರದ ಹಂಡೆಯೊಳಗೆ ಸುಣ್ಣ ಕಟ್ಟಿಸುತ್ತದೆ. ತೀರ ಶುದ್ಧಗೊಳಿಸಿ ಲವಣಗಳನ್ನೆಲ್ಲ ತೆಗೆದ ನೀರಿನಲ್ಲಿ ಕಾಫಿ ಸಪ್ಪೆ. ಸ್ನೇಹಿತರು ನಲ್ಲಿಯಲ್ಲಿ ಬರುವ ಹೊಳೆನೀರನ್ನೇ ಸೋಸಿ ಬಳಸುತ್ತಾರೆ. ಮಲೆನಾಡಿನ ನಮಗೆ ಈ ತೊಂದರೆ ಕಡಿಮೆ.

ಎರಡು ಬಟ್ಟಲು

ಮೊದಲು ನೆರೆಯವರ ಕಾಫಿ ಇಳಿಸಿದರು. ಜೇನಿನಂತೆ ದಾರವಾಗಿ ಇಳಿದು ಕೆನೆ ಕಟ್ಟಿತು. ಹಾಲಿಲ್ಲ, ಸಕ್ಕರೆಯಿಲ್ಲ. ಕುಡಿದರೆ ಹುರಿದ ಶೇಂಗಾದ, ಬೆಲ್ಲದ ಕಂಪು. ರೊಬಸ್ಟಾ ಎಂದರೆ ಬೆರಕೆಗೆ ಮಾತ್ರ ಎಂದು ಎಣಿಸಿದ್ದ ನಾವು ಬೆರಗಾದೆವು.

ಆಮೇಲೆ ನಮ್ಮದು. ಕೆನೆ ಅಷ್ಟೇ ಚೆನ್ನಾಗಿತ್ತು. ತುಟಿಗಿಟ್ಟ ಕೂಡಲೆ ನಾವೇ ಮುಖ ಹಿಂಡಿದೆವು. ಸ್ನೇಹಿತರು ಸಂಕೋಚದಿಂದಲೇ ಹೇಳಿದರು: "ತಪ್ಪು ತಿಳೀಬ್ಯಾಡ್ರಿ ಅಣ್ಣಾರೆ. ಇದರಾಗ ಹೊಗಿ ವಾಸನಿ ಐತಿ, ಹಸಿ ಚೀಲದ ವಾಸನಿನೂ ಐತಿ. ಮೂರು ಸಲ ಹುರಿದು ನೋಡೀನಿ."

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಅದು ಹಿಂದಿನ ಕೊಯ್ಲಿನ ಚೆರಿ. ಬೆಲೆ ಏರಲೆಂದು ಇಟ್ಟುಕೊಂಡದ್ದು. ಮಳೆಗಾಲ ಪೂರ್ತಿ ಚೀಲಗಳು ಗೋಡೆಗೊರಗಿ ನೆಲದ ಮೇಲೇ ಇದ್ದವು. ನವೆಂಬರಿನಿಂದ ಅದೇ ಕೊಟ್ಟಿಗೆಯ ಮಗ್ಗುಲಲ್ಲಿ ಅಡಿಕೆ ಬೇಯಿಸುವ ಒಲೆ ಉರಿದಿತ್ತು, ಚೊಗರಿನ ಹಂಡೆಯೂ ಅಲ್ಲೇ. ಕಾಫಿ ಬೀಜ ತೇವವನ್ನೂ ವಾಸನೆಯನ್ನೂ ಬಲುಬೇಗ ಹೀರುವಂಥದು. ನೆರೆಯವರು ಅದೇ ವರ್ಷದ ಚೆರಿಯನ್ನು ಬೇರೆ ಕೋಣೆಯಲ್ಲಿ, ಗೋಡೆಯಿಂದ ದೂರ, ಹಲಗೆಯ ಅಟ್ಟಣಿಗೆಯ ಮೇಲೆ ಇಟ್ಟಿದ್ದರು. ತೋಟಗಳ ನಡುವೆ ಇರುವುದು ಒಂದು ಬೇಲಿ ಮಾತ್ರ, ವ್ಯತ್ಯಾಸವೆಲ್ಲ ಕೊಟ್ಟಿಗೆಯದು.

ಇಷ್ಟು ವರ್ಷ ಇದು ನಮಗೆ ತಿಳಿಯದೆ ಹೋದದ್ದು ಹೇಗೆ? ವ್ಯಾಪಾರಿ ಓ.ಟಿ. ನೋಡುತ್ತಾನೆ, ತೇವ ನೋಡುತ್ತಾನೆ, ಬೆಲೆ ಕಟ್ಟುತ್ತಾನೆ. ಕುದಿಸಿ ಕುಡಿದು ನೋಡುವುದಿಲ್ಲ. ನಾವು ಕುಡಿಯುವುದೋ ಚಿಕೋರಿ ಬೆರೆತ ಪುಡಿ. ಇಂದಿನ ನಿಯಮದಂತೆ ಬೆರಕೆ ಪುಡಿಯಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಕೂಡದು, ಎಂದರೆ ಶೇ. 49ರವರೆಗೆ ಚಿಕೋರಿ ಸಲ್ಲುತ್ತದೆ. ಮೇಲೆ ಹಾಲು, ಸಕ್ಕರೆ. ಇವುಗಳ ಮರೆಯಲ್ಲಿ ಎಂಥ ದೋಷವೂ ಅಡಗುತ್ತದೆ. ಎಸ್ಪ್ರೆಸೊ ಬಟ್ಟಲಿನಲ್ಲಿ ಮಾತ್ರ ಅಡಗುವುದಿಲ್ಲ.

ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಎಲ್ಲರ ಬೀಜವೂ ಒಂದೇ ರಾಶಿಗೆ ಸೇರುತ್ತಿತ್ತು. 1990ರ ದಶಕದಲ್ಲಿ, 1996ರ ಹೊತ್ತಿಗೆ, ಮಾರಾಟ ಪೂರ್ಣ ಮುಕ್ತವಾಯಿತು. ಅಂದಿನಿಂದ ಒಳ್ಳೆಯ ಹೆಸರೂ ಕೆಟ್ಟ ಹೆಸರೂ ಬೆಳೆಗಾರನದೇ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯದು. ಎಸ್ಪ್ರೆಸೊ ಬೆರಕೆಗೆ ಕೆನೆಯನ್ನೂ ಮೈಯನ್ನೂ ಕೊಡುವುದು ರೊಬಸ್ಟಾ. ಅಲ್ಲಿಯವರು ಕಂಡುಹಿಡಿಯುವ ದೋಷವನ್ನು ನಾವು ಇಲ್ಲಿಯೇ ಮೊದಲು ಕಂಡುಕೊಂಡರೆ ಲಾಭ ನಮ್ಮದು.

ಮನೆಯಲ್ಲಿ ಮಾಡಬಯಸುವವರಿಗೆ

ಯಂತ್ರಗಳ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಲಕ್ಷ ದಾಟಿಯೂ ಇದೆ. ಎಲ್ಲರೂ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಒಲೆಯ ಮೇಲಿಡುವ ಇಟಲಿಯ ಮೋಕಾ ಪಾತ್ರೆ 1933ರಿಂದ ಬಳಕೆಯಲ್ಲಿದೆ, ಅಗ್ಗವೂ ಹೌದು. ಒತ್ತಡ ಕಡಿಮೆಯಾದರೂ ರುಚಿ ಪರೀಕ್ಷೆಗೆ ಸಾಕು. ಅದೂ ಬೇಡವೆಂದರೆ ನಮ್ಮ ಹಿತ್ತಾಳೆಯ ಫಿಲ್ಟರ್ ಇದ್ದೇ ಇದೆ. ಚಿಕೋರಿಯಿಲ್ಲದ ಪುಡಿ ಹಾಕಿ, ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ, ಹಾಲಿಲ್ಲದೆ ಕುಡಿದು ನೋಡಿದರಾಯಿತು.

ಹುರಿಯುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಕೆಲಸವೇ. ದಪ್ಪ ತಳದ ಬಾಣಲೆಯಲ್ಲಿ ಕಾಲು ಕಿಲೋ ಬೀಜವನ್ನು ಕೈಬಿಡದೆ ಆಡಿಸುತ್ತ ಹನ್ನೆರಡರಿಂದ ಹದಿನೈದು ನಿಮಿಷ ಹುರಿಯಬೇಕು. ಪಟಪಟ ಸಿಡಿಯುವ ಮೊದಲ ಸದ್ದು ಮುಗಿದು ತುಸು ಹೊತ್ತಿಗೆ, ಎಣ್ಣೆ ಮೇಲೆ ಬರುವ ಮೊದಲೇ ಇಳಿಸಿ, ಮೊರಕ್ಕೆ ಸುರಿದು ಬೀಸಿ ಆರಿಸಬೇಕು. ಒಂದು ಕಿಲೋ ಹಸಿಬೀಜ ಹುರಿದ ಮೇಲೆ 800ರಿಂದ 850 ಗ್ರಾಂ ಆಗುತ್ತದೆ. ಹುರಿದ ದಿನವೇ ಎಸ್ಪ್ರೆಸೊ ಮಾಡಬಾರದು. ಬೀಜದೊಳಗಿನ ಇಂಗಾಲಾಮ್ಲ ಅನಿಲ ಹೊರಬರಲು ಒಂದು ವಾರ ಬಿಡಬೇಕು. ತಿಂಗಳೊಳಗೆ ಮುಗಿಸಬೇಕು. ಬೀಸುವುದು ಕುಡಿಯುವ ಮುನ್ನವೇ.

ಚೆರಿಯನ್ನು ಬರಿನೆಲದಲ್ಲಿ ಒಣಗಿಸದಿರುವುದು, ರೊಬಸ್ಟಾ ಚೆರಿಯಲ್ಲಿ ತೇವಾಂಶ ಶೇ. 11 ಮೀರದಂತೆ ನೋಡುವುದು, ಗೊಬ್ಬರ, ಕೀಟನಾಶಕ, ಅಡಿಕೆ ಒಲೆ ಇವುಗಳ ನೆರೆಯಲ್ಲಿ ಚೀಲ ಇಡದಿರುವುದು ಸದಸ್ಯರೆಲ್ಲರಿಗೂ ತಿಳಿದ ಮಾತೇ. ತಿಳಿದೂ ತಪ್ಪಿದವರಲ್ಲಿ ನಾವು ಮೊದಲಿಗರೆಂದು ಒಪ್ಪಿಕೊಂಡು ಇದನ್ನು ಬರೆದಿದ್ದೇವೆ.

ಊರಿಗೆ ಮರಳಿದ ವಾರದೊಳಗೆ ಚೀಲಗಳನ್ನು ಬೇರೆ ಕೋಣೆಗೆ ಸಾಗಿಸಿದೆವು, ಹಲಗೆಯನ್ನೂ ಹಾಕಿಸಿದೆವು. ಈಗಾಗಲೇ ಹೀರಿದ ವಾಸನೆಗೆ ಮದ್ದಿಲ್ಲ. ಸ್ನೇಹಿತರು ನೆರೆಯವರಿಗೆ ಹತ್ತು ಕಿಲೋ ಬೀಜಕ್ಕೆ ಹೇಳಿಕಳುಹಿಸಿದ್ದಾರೆ. ನಮ್ಮದರ ಬಗ್ಗೆ ಕೇಳಿದ್ದಕ್ಕೆ, "ಮುಂದಿನ ವರ್ಷದ್ದು ನೋಡೋಣ್ರಿ" ಎಂದಿದ್ದಾರೆ. ನೋಡೋಣ.